ಅವರವರ ಕೈಯ ಗರಿ

ಹೆಮ್ಲಾಕ್ ಕ್ರೀಕ್,
ಜೂನ್ ೧೨

ಸೈಮಿಗೆ,

ನಿನ್ನ ಕಾರ್ಡು ಬಂತು. ನಾಲ್ಕೇ ಸಾಲು. ಅದರಲ್ಲಿ ಎರಡು ಸರೋವರದ ಗಾಳಿಗೆ ಹೋಗಿವೆ, ಒಂದು ನನ್ನ ಮೊಣಕಾಲಿಗೆ. ಉಳಿದ ಒಂದೇ ಸಾಲಿನಲ್ಲಿ ನನ್ನ ಇಡೀ ಬೇಸಿಗೆಯ ನೆಮ್ಮದಿ ಕೆಡಿಸಿದ್ದೀಯ: "ಈ ಸಲ ಕ್ಯಾಂಪಿಗೆ ಅಡುಗೆ ಮಾಡಲು ಬರುವುದಿಲ್ಲ, ಬೇಟೆಗೆ ಬರುತ್ತೇನೆ, ಅಪ್ಪನ ಅಟ್ಟಣೆ ನನಗೆ ಬೇಕು."

ಬೇಕು ಅಂದರೆ ಆಯಿತೇ? ಹಳ್ಳದ ತಿರುವಿನಲ್ಲಿ ಜಿಂಕೆ ಕಾಯಲು ಮರದ ಮೇಲೆ ಕಟ್ಟಿದ ಆ ಅಟ್ಟಣೆ ನಿಮ್ಮಪ್ಪ ಹೋದ ಮೇಲೆ ಖಾಲಿ ನಿಂತಿದೆ. ಹೋದ ವರ್ಷ ಯಾರೂ ಹತ್ತಲಿಲ್ಲ. ಈ ವರ್ಷವೂ ನಮ್ಮ ಮನೆಯವರು ಹತ್ತದಿದ್ದರೆ ಅದು ಕ್ಯಾಂಪಿನ ಪಾಲಿಗೆ ಹೋಗುತ್ತದೆ, ಕ್ಯಾಂಪು ಅದನ್ನು ಯಾರಿಗೆ ಕೊಡುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ನಮ್ಮ ಕ್ಯಾಂಪಿನ ಓನ್ನಿಯ ಅಳಿಯ ಡ್ವೇನ್ ಈಗಲೇ ಗ್ರೀನ್ ಬೇಯಿಂದ ಬಂದು ಏಣಿಯ ಮೆಟ್ಟಿಲು ಅಲ್ಲಾಡಿಸಿ ನೋಡಿ ಹೋಗಿದ್ದಾನೆ. "ಹಲಗೆ ಎರಡು ಬದಲಾಯಿಸ್ಬೇಕು ಅಂಕಲ್" ಅಂತ ನನಗೇ ಹೇಳಿದ. ನಾನು ಅವನಿಗೆ ಯಾವಾಗಿನಿಂದ ಅಂಕಲ್ ಆದೆನೋ.

ನಿನ್ನ ತಾತ ಹಾಕಿಟ್ಟ ನಿಯಮ ಬದಲಾಗಿಲ್ಲ. ಬಾಣಕ್ಕೆ ಗರಿ ಅವರವರ ಕೈಯಿಂದಲೇ ಕೂರಿಸಿರಬೇಕು. ಸೆಪ್ಟೆಂಬರಿನ ಕೊನೆಯ ಭಾನುವಾರ, ಬಾಣದ ತುದಿಗೆ ಬೇಟೆಯ ಅಲಗನ್ನೇ ಹಾಕಿಕೊಂಡು, ಇಪ್ಪತ್ತು ಗಜದಿಂದ ಮೂರು ಬಾಣ ಹುಲ್ಲಿನ ಪೆಂಡಿಯ ಮೇಲೆ ಊಟದ ತಟ್ಟೆಯಗಲಕ್ಕೆ ಎಳೆದ ಗೆರೆಯೊಳಗೆ ಬೀಳಬೇಕು. ಒಂದೇ ಸಲ. ಮಳೆಯಾಗಲಿ ಬಿಸಿಲಾಗಲಿ. ತಪ್ಪಿದವರು ಆ ವರ್ಷ ಬಿಲ್ಲು ಮುಟ್ಟುವ ಹಾಗಿಲ್ಲ. ತೀರ್ಪು ನನ್ನದು. ಕಠಿಣ ಅಂತ ಕಂಡರೆ ಹೊಟ್ಟೆಗೆ ಬಾಣ ಚುಚ್ಚಿಸಿಕೊಂಡು ಜವುಗಿನೊಳಗೆ ಓಡಿಹೋದ ಜಿಂಕೆಯನ್ನು ಕೇಳು.

ಗರಿಯ ವಿಷಯದಲ್ಲಿ ನನ್ನ ಸಲಹೆ ಪುಕ್ಕಟೆ: ಟರ್ಕಿ ಕೋಳಿಯ ಗರಿ ತೆಗೆದುಕೋ. ಗರಗಸ ರಿಪೇರಿ ಮಾಡಿ, ಸೌದೆ ಮಾರಿ, ಮೀನು ಹಿಡಿಯುವವರಿಗೆ ಎರೆಹುಳ ಮಾರಿ ಮನೆ ಕಟ್ಟಿದವನು ನಾನು. ಅಂಗಡಿಯವನು ಹೊಳೆಯುವ ಪೊಟ್ಟಣದಲ್ಲಿ ಏನು ಕೊಟ್ಟರೂ ಮೊದಲು ಅನುಮಾನಿಸುತ್ತೇನೆ. ಕೋಳಿ ಯಾರನ್ನೂ ಮೋಸ ಮಾಡಲು ಗರಿ ಬೆಳೆಸುವುದಿಲ್ಲ.

ನಿನ್ನ ಚಿಕ್ಕಪ್ಪ,
ಆರ್ವಿಡ್

•

ಹ್ಯೂರನ್ ಸರೋವರದ ಮೇಲೆ,
ಜುಲೈ ೩

ಚಿಕ್ಕಪ್ಪನಿಗೆ,

ಪ್ಲಾಸ್ಟಿಕ್ ಗರಿ ತೆಗೆದುಕೊಂಡೆ. ಬೈಯುವುದನ್ನು ಬೈದು ಮುಗಿಸಿ, ಆಮೇಲೆ ಮುಂದೆ ಓದಿ.

ಕಾರಣ ಹೇಳುತ್ತೇನೆ. ನಮ್ಮ ಕಾಡಿನಲ್ಲಿ ಅಕ್ಟೋಬರ್ ಅಂದರೆ ಮಳೆ. ನೆನೆದ ಕೋಳಿಗರಿ ಬಾಣದ ಕಡ್ಡಿಗೆ ಅಂಟಿಕೊಂಡು ಮಲಗುತ್ತದೆ, ಬಾಣವನ್ನು ನೇರ ಹಿಡಿಯುವುದಿಲ್ಲ. ಪ್ಲಾಸ್ಟಿಕ್ಕಿಗೆ ನೀರಿನ ಭಯ ಇಲ್ಲ. ಅಂಗಡಿಯಲ್ಲಿ ಮೂರು ಜಾತಿ ಇದ್ದವು: ಉದ್ದನೆಯವು, ಗಿಡ್ಡನೆಯವು, ಗಿಡ್ಡ ಆದರೆ ಎತ್ತರದವು. ಎತ್ತರದವು ಗಾಳಿಯಲ್ಲಿ ಸುಯ್ ಅನ್ನುತ್ತವಂತೆ, ಜಿಂಕೆಯ ಕಿವಿಗೆ ಅದು ಸಾಕಂತೆ. ಗಿಡ್ಡನೆಯವನ್ನು ಆರಿಸಿದೆ. ಕಿತ್ತಳೆ ಬಣ್ಣ.

ಗರಿ ಕೂರಿಸುವ ಅಚ್ಚನ್ನು ಹಡಗಿನ ನನ್ನ ಕೋಣೆಯ ಮೇಜಿಗೆ ಬಿಗಿದಿದ್ದೇನೆ. ಎಂಜಿನ್ ನಡುಗಿದರೆ ಮೇಜೂ ನಡುಗುತ್ತದೆ, ಹಾಗಾಗಿ ಅಚ್ಚಿನ ಅಡಿಗೆ ಮಡಚಿದ ಟವೆಲ್ಲು. ದೊಡ್ಡ ಅಡುಗೆಯವಳು ಮಾರ್ಸೆಲ್ ಬಂದು ನೋಡಿದಳು. "ಏನೇ ಇದು, ಹಕ್ಕಿಗೆ ಆಪರೇಷನ್ನಾ?" ಅಂದಳು. "ಇಲ್ಲ, ಕಡ್ಡೀನ ಹಕ್ಕಿ ಮಾಡ್ತಿದೀನಿ" ಅಂದೆ. "ಬೆಳಿಗ್ಗೆ ಬೇಕನ್ ಕರಿಯೋದಕ್ಕೆ ಏಳ್ತೀಯೋ ಇಲ್ಲ ಹಾರಿಹೋಗ್ತೀಯೋ?" ಅಂತ ಕೇಳಿ ದೀಪ ಆರಿಸಿ ಹೋದಳು.

ತೊಂದರೆ ಒಂದೇ. ಗರಿ ನಿಲ್ಲುತ್ತಿಲ್ಲ. ಅಂಟು ಒಣಗಿದ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಅಂಟು ಹೊಸದು. ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದ್ದೆ. ಏನು ತಪ್ಪು?

ಸೈಮಿ

•

ಹೆಮ್ಲಾಕ್ ಕ್ರೀಕ್,
ಜುಲೈ ೧೫

ಸೈಮಿ,

ಬೈಯುವುದನ್ನು ಬೈದು ಮುಗಿಸಿದ್ದೇನೆ. ಓನ್ನಿ ಪಕ್ಕದಲ್ಲಿದ್ದ, ಅರ್ಧ ಅವನ ಪಾಲಿಗೆ ಹೋಯಿತು.

ತಪ್ಪು ನಿನ್ನ ಕಾಗದದಲ್ಲೇ ಇದೆ. ಬೇಕನ್. ನೀನು ದಿನವೆಲ್ಲ ಆ ಹಂದಿಮಾಂಸದ ಕೊಬ್ಬಿನಲ್ಲಿ ಕೈಯಾಡಿಸಿ, ಸೋಪು ಹಾಕಿ ತೊಳೆದು, ತೊಳೆದಾಯಿತು ಅಂದುಕೊಂಡು ಬರುತ್ತೀಯ. ಕಡ್ಡಿ ಒರೆಸಿದೆ, ಸರಿ. ಆಮೇಲೆ ಗರಿಯನ್ನು ಯಾವುದರಿಂದ ಎತ್ತಿಕೊಂಡೆ? ಅದೇ ಬೆರಳಿನಿಂದ. ಗರಿಯ ಬುಡಕ್ಕೆ ಬೆರಳು ತಾಗಿತು ಅಂದರೆ ನೀನು ಅಂಟು ಹಾಕಿದ್ದು ಬೆಣ್ಣೆಯ ಮೇಲೆ. ಅಡುಗೆಯವರು ಮಾತ್ರ ಮಾಡಬಲ್ಲ ತಪ್ಪು ಇದು, ನಿನ್ನ ಅಜ್ಜಿಯೂ ಮಾಡುತ್ತಿದ್ದಳು.

ಕೈಗವಸು ಹಾಕಿಕೋ. ಗರಿಯ ಬುಡವನ್ನೂ ಸ್ಪಿರಿಟ್ಟಿನಲ್ಲಿ ಒರೆಸು. ಒರೆಸಿದ ಮೇಲೆ ಅದನ್ನು ಚಿಮಟ ಮುಟ್ಟಲಿ, ನೀನು ಮುಟ್ಟಬೇಡ. ಅಂಟು ಕೂದಲೆಳೆಯಷ್ಟು ಸಾಕು. ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಅನ್ನುವುದು ಮದುವೆಯ ಕೇಕಿಗೆ ಸರಿ. ಕೊನೆಗೆ ಪ್ರತಿ ಗರಿಯ ಹಿಂದೊಂದು ಮುಂದೊಂದು ಚುಕ್ಕೆ ಅಂಟು ಇಡು. ಮುಂದಿನ ಚುಕ್ಕೆ ಮರೆತವನ ಗರಿ ಹುಲ್ಲಿನಲ್ಲಿ ಒಮ್ಮೆ ನುಗ್ಗಿ ಬಂದರೆ ಬಾವುಟದ ಹಾಗೆ ಬಿಚ್ಚಿಕೊಳ್ಳುತ್ತದೆ.

ಇಷ್ಟು ಹೇಳಿದೆ ಅಂತ ಪ್ಲಾಸ್ಟಿಕ್ಕಿಗೆ ನನ್ನ ಆಶೀರ್ವಾದ ಇದೆ ಅಂದುಕೊಳ್ಳಬೇಡ.

ಆರ್ವಿಡ್

•

ಮಾರ್ಕೆಟ್ ಬಂದರು,
ಆಗಸ್ಟ್ ೨

ಚಿಕ್ಕಪ್ಪನಿಗೆ,

ಈಗ ಗರಿ ಕೀಳಬೇಕಾದರೆ ಚಾಕು ಬೇಕು. ಥ್ಯಾಂಕ್ಸ್.

ಈ ಕಾಗದದ ಜೊತೆ ಮೂರು ಬಾಣದ ಕಟ್ಟು ಬರುತ್ತದೆ. ಬಿಲ್ಲನ್ನು ಹಡಗಿಗೆ ತರುವಂತಿಲ್ಲ, ಅದು ಡುಲುತ್‌ನ ಬಿಲ್ಲುಗಾರರ ಕ್ಲಬ್ಬಿನ ಕಪಾಟಿನಲ್ಲಿದೆ. ತಿಂಗಳ ಕೊನೆಯವರೆಗೆ ನಮ್ಮ ಹಡಗು ಆ ಕಡೆ ಹೋಗುವುದಿಲ್ಲ, ಈ ಮಾರ್ಕೆಟ್ ಬಂದರಿನಲ್ಲೇ ಅದಿರು ತುಂಬಿಕೊಂಡು ಕೆಳಗಿನ ಸರೋವರಗಳಿಗೆ ಇಳಿಯುತ್ತದೆ. ಅಷ್ಟು ದಿನ ಕಾಯಲಾರೆ. ಇವನ್ನು ನೀವು ಹಾರಿಸಿ ನೋಡಿ, ಹೇಗೆ ಹಾರುತ್ತವೆ ಬರೆಯಿರಿ. ದಾಕ್ಷಿಣ್ಯ ಬೇಡ.

ಸೈಮಿ

•

ಹೆಮ್ಲಾಕ್ ಕ್ರೀಕ್,
ಆಗಸ್ಟ್ ೧೪

ಸೈಮಿ,

ದಾಕ್ಷಿಣ್ಯ ಬೇಡ ಅಂದೆ. ಸರಿ.

ಮೂರೂ ಹಾರಿಸಿದೆ. ಕುಡಿದವನು ಮನೆಗೆ ಹೋದ ಹಾಗೆ ಹೋದವು. ಒಂದು ಬಾಲ ಬಲಕ್ಕೆ ಒಗೆದು ಹುಲ್ಲಿನ ಪೆಂಡಿಗೆ ಅಡ್ಡಡ್ಡ ಬಡಿಯಿತು. ಇನ್ನೊಂದು ನನ್ನ ಸೌದೆ ಕೊಟ್ಟಿಗೆಯ ಗೋಡೆಯಲ್ಲಿದೆ, ಅಲ್ಲೇ ಕೋಟು ನೇತುಹಾಕುತ್ತಿದ್ದೇನೆ. ಓನ್ನಿ ನೋಡಿ, "ಗರಿ ಚೆನ್ನಾಗಿದೆ ಕಣೋ, ಬಾಣ ಮಾತ್ರ ಕೆಟ್ಟಿದೆ" ಅಂದ. ಅವನ ಅಳಿಯ ಹಲ್ಲು ಕಿರಿದ. ಅಂಗಡಿಯಿಂದ ಗರಿ ಕೂರಿಸಿದ ಬಾಣವನ್ನೇ ಕೊಂಡು ತಂದಿದ್ದನಂತೆ. ನಿಯಮ ಹೇಳಿ ವಾಪಸ್ ಕಳಿಸಿದ್ದೇನೆ, ಈಗ ಅಡುಗೆಮನೆಯಲ್ಲಿ ಕೂತು ಹೆಂಡತಿಯ ಕೈಯಲ್ಲಿ ಬೈಸಿಕೊಂಡು ಅಂಟಿಸುತ್ತಿದ್ದಾನೆ.

ಕಷ್ಟದ ಮಾತು ಹೇಳುತ್ತೇನೆ. ಸೆಪ್ಟೆಂಬರಿಗೆ ಹೆಚ್ಚು ದಿನ ಉಳಿದಿಲ್ಲ. ಈ ವರ್ಷ ಅಡುಗೆಗೆ ಬಾ. ಚಳಿಗಾಲದಲ್ಲಿ ನನ್ನ ಹತ್ತಿರ ಕೂತು ಕೋಳಿಗರಿ ಕೂರಿಸುವುದನ್ನು ಸರಿಯಾಗಿ ಕಲಿತುಕೋ. ಅಟ್ಟಣೆ ಹೋದರೆ ಹೋಗಲಿ, ಅದು ನಾಲ್ಕು ಹಲಗೆ. ನಿಮ್ಮಪ್ಪ ಅದರಲ್ಲಿ ಬೇಟೆಗಿಂತ ನಿದ್ದೆಯನ್ನೇ ಹೆಚ್ಚು ಹೊಡೆದ.

ಆರ್ವಿಡ್

•

ಡುಲುತ್,
ಆಗಸ್ಟ್ ೨೭

ಚಿಕ್ಕಪ್ಪನಿಗೆ,

ಒಂದೇ ಪ್ರಶ್ನೆ. ಯಾವ ಬಿಲ್ಲಿನಲ್ಲಿ ಹಾರಿಸಿದಿರಿ?

ತಾತನ ಮರದ ಬಿಲ್ಲಿನಲ್ಲಿ ತಾನೇ? ಅದರಲ್ಲಿ ಬಾಣ ಕೂರುವುದು ಮರದ ಅಂಚಿನ ಮೇಲೆ. ಕೋಳಿಗರಿ ಆ ಅಂಚಿಗೆ ತಾಗಿದರೆ ಮಲಗಿ ಎದ್ದು ಹೋಗುತ್ತದೆ. ಪ್ಲಾಸ್ಟಿಕ್ ಮಲಗುವುದಿಲ್ಲ, ಒದೆಯುತ್ತದೆ. ನನ್ನ ಬಿಲ್ಲು ಎರಡೂ ತುದಿಗೆ ರಾಟೆಯಿರುವ ಚಕ್ರದ ಬಿಲ್ಲು. ಅದರಲ್ಲಿ ಬಾಣದ ಆಸರೆ ಹೆದೆ ಬಿಟ್ಟ ಕೂಡಲೇ ಕೆಳಗೆ ಬಿದ್ದುಬಿಡುತ್ತದೆ, ಗರಿಗೆ ಏನೂ ತಾಗುವುದಿಲ್ಲ. ನೀವು ನನ್ನ ಬಾಣವನ್ನು ಪರೀಕ್ಷೆ ಮಾಡಿಲ್ಲ ಚಿಕ್ಕಪ್ಪ, ನಿಮ್ಮ ಬಿಲ್ಲನ್ನು ಮಾಡಿದ್ದೀರಿ.

ನಿನ್ನೆ ಹಡಗು ಇಲ್ಲಿ ಅದಿರು ತುಂಬಿಕೊಳ್ಳುತ್ತಿತ್ತು. ಮಾರ್ಸೆಲ್‌ಗೆ ಮಧ್ಯಾಹ್ನದ ಪಾತ್ರೆ ಒಪ್ಪಿಸಿ ಕ್ಲಬ್ಬಿಗೆ ಓಡಿದೆ. ಗರಿಗೆ ಮೈದಾ ಹಿಟ್ಟು ಉದುರಿಸಿ ಹಾರಿಸಿದೆ. ಎಲ್ಲಾದರೂ ತಾಗಿದ್ದರೆ ಹಿಟ್ಟು ಒರೆಸಿಹೋಗಿರಬೇಕಿತ್ತು. ಒಂದು ಗೆರೆಯೂ ಇಲ್ಲ. ಅಭ್ಯಾಸದ ಮೊನೆ ಹಾಕಿದಾಗ ಬಾಣಗಳು ಒಂದರ ಪಕ್ಕ ಒಂದು ಕೂತವು.

ಆದರೆ ಬೇಟೆಯ ಅಲಗು ಹಾಕಿದ ಮೇಲೆ ಚದುರಿದವು. ಅಷ್ಟು ದೂರ ಅಲ್ಲ, ಆದರೆ ತಟ್ಟೆಯ ಹೊರಗೆ. ಇದನ್ನು ನಿಮಗೆ ಹೇಳದೆ ಇರಬಹುದಿತ್ತು. ಹೇಳುತ್ತಿದ್ದೇನೆ, ಏಕೆಂದರೆ ನಾನು ಗೆಲ್ಲಬೇಕಾಗಿರುವುದು ನಿಮ್ಮ ಮೇಲೆ ಅಲ್ಲ.

ಅಡುಗೆಗೆ ಬರುವುದಿಲ್ಲ.

ಸೈಮಿ

•

ಹೆಮ್ಲಾಕ್ ಕ್ರೀಕ್,
ಸೆಪ್ಟೆಂಬರ್ ೪

ಸೈಮಿ,

ನಿನ್ನ ಕಾಗದವನ್ನು ಓನ್ನಿಗೆ ಓದಿ ಹೇಳಿದ್ದು ನನ್ನ ದಡ್ಡತನ. ಅವನು ನಕ್ಕಿದ್ದಕ್ಕೆ ಕಾಫಿ ಮೂಗಿನಿಂದ ಬಂತು. ಈಗ ಊರಲ್ಲಿ ಸಿಕ್ಕಿದವರೆಲ್ಲ, "ಆರ್ವಿಡ್, ನಿನ್ನ ಬಿಲ್ಲು ಪಾಸಾಯ್ತಾ?" ಅಂತ ಕೇಳುತ್ತಾರೆ.

ಚದುರುವ ವಿಷಯಕ್ಕೆ ಬರುತ್ತೇನೆ. ಅಲಗು ಅಂದರೆ ಬಾಣದ ಮುಂದೆ ಅಂಟಿಸಿದ ರೆಕ್ಕೆ. ಅದೂ ಗಾಳಿ ಹಿಡಿಯುತ್ತದೆ, ತನ್ನ ಕಡೆ ಎಳೆಯುತ್ತದೆ. ಮುಂದಿನ ರೆಕ್ಕೆಗಿಂತ ಹಿಂದಿನ ರೆಕ್ಕೆಗೆ ಹೆಚ್ಚು ಅಧಿಕಾರ ಇರಬೇಕು, ಇಲ್ಲದಿದ್ದರೆ ಮನೆಯಲ್ಲಿ ಇಬ್ಬರು ಯಜಮಾನರಿದ್ದ ಹಾಗೆ. ನಿನ್ನ ಗಿಡ್ಡ ಗರಿ ಅಭ್ಯಾಸಕ್ಕೆ ಸಾಕು, ಅಲಗಿಗೆ ಸಾಲದು. ಉದ್ದನೆಯವನ್ನು ತಾ. ಎತ್ತರದವು ಬೇಡ, ಸದ್ದಿನ ಬಗ್ಗೆ ನೀನು ಹೇಳಿದ್ದು ಸರಿ.

ನೇರವಾಗಿ ಅಂಟಿಸಬೇಡ. ಸ್ವಲ್ಪ ತಿರುಚಿ ಕೂರಿಸು, ಬಾಣ ಸುತ್ತುತ್ತ ಹೋಗಲಿ. ಯಾವ ಕಡೆಗೆ ತಿರುಚಬೇಕು ಅಂದರೆ, ಅದನ್ನು ನಿನ್ನ ಬಿಲ್ಲನ್ನೇ ಕೇಳು. ಗರಿಯಿಲ್ಲದ ಕಡ್ಡಿಯ ಬಾಲಕ್ಕೆ ಒಂದು ಗೆರೆ ಎಳೆದು, ಪೆಂಡಿಯ ಹತ್ತಿರ ನಿಂತು ಅದನ್ನು ಹಾರಿಸು. ಗೆರೆ ಎಡಕ್ಕೆ ಹೊರಳಿದ್ದರೆ ಎಡಕ್ಕೆ ತಿರುಚು, ಬಲಕ್ಕಾದರೆ ಬಲಕ್ಕೆ. ಅದು ತಾನಾಗಿ ಹೊರಡುವ ದಿಕ್ಕಿಗೆ ವಿರುದ್ಧ ತಿರುಚಿದರೆ ಮೊದಲ ಕೆಲವು ಗಜ ನಿಂತು ಯೋಚನೆ ಮಾಡುತ್ತದೆ. ಇಪ್ಪತ್ತು ಗಜದಲ್ಲಿ ಯೋಚನೆಗೆ ಜಾಗ ಇಲ್ಲ.

ಇಷ್ಟು ಹೇಳಿಕೊಟ್ಟಿದ್ದೇನೆ, ಆದರೆ ಪರೀಕ್ಷೆಯ ಭಾನುವಾರ ನಾನು ನಿನ್ನ ಚಿಕ್ಕಪ್ಪ ಅಲ್ಲ. ಗೆರೆಯಿಂದ ಒಂದು ಅಂಗುಲ ಹೊರಗೆ ಬಿದ್ದರೂ ಮುಗಿಯಿತು.

ಆರ್ವಿಡ್

•

ಹೆಮ್ಲಾಕ್ ಕ್ರೀಕ್,
ಅಕ್ಟೋಬರ್ ೧೯

ಸೈಮಿ,

ನಿನ್ನ ರಜೆ ಮುಗಿದು ಹಡಗಿಗೆ ಹೋದೆ. ಪರೀಕ್ಷೆಯ ಆ ಭಾನುವಾರ ನೀನೂ ಅಲ್ಲೇ ಇದ್ದೆ. ಆದರೂ ನನ್ನ ಕಡೆಯ ವರದಿ ಒಂದು ಇರಲಿ.

ಮಳೆ ಸರೋವರದ ಕಡೆಯಿಂದ ಅಡ್ಡಡ್ಡ ಹೊಡೆಯುತ್ತಿತ್ತು. ಡ್ವೇನ್ ಮೊದಲು ನಿಂತ. ಎರಡು ಒಳಗೆ, ಒಂದು ಹೊರಗೆ; ಟೋಪಿ ತೆಗೆದು ಕೆಸರಿಗೆ ಒಗೆದ. ಓನ್ನಿ ಪಾಸಾದ, ಹೇಗೆ ಅಂತ ದೇವರಿಗೇ ಗೊತ್ತು. ನೀನು ನಿಂತೆ. ಮೂರೂ ಒಳಗೆ. ಆ ಉದ್ದನೆಯ ಕಿತ್ತಳೆ ಗರಿಗಳು ಮಳೆಯಲ್ಲಿ ಏನೂ ಆಗದವರ ಹಾಗೆ ಹೊಳೆಯುತ್ತಿದ್ದವು. ಒಪ್ಪುತ್ತೇನೆ. "ಚಿಕ್ಕಪ್ಪನೇ ಜಡ್ಜು, ಇನ್ನೇನಾಗತ್ತೆ" ಅಂತ ಡ್ವೇನ್ ಗೊಣಗಿದ್ದು ನಿನಗೂ ಕೇಳಿಸಿತು, ನನಗೂ ಕೇಳಿಸಿತು.

ಆಮೇಲೆ ನಾನು. ಎರಡು ಒಳಗೆ. ಮೂರನೆಯದು ಬಾಲ ಅಲ್ಲಾಡಿಸುತ್ತ ಪೆಂಡಿಯ ಮೇಲಿಂದ ಹಾರಿ ಪೊದೆಗೆ ಹೋಯಿತು. ನೆನೆದ ಗರಿ, ಬೇರೇನೂ ಅಲ್ಲ. ಓನ್ನಿ ಹೇಳಿದ್ದು ನ್ಯಾಯವಾಗಿಯೇ ಇತ್ತು: "ಮಳೆ ಕಣಯ್ಯ. ಒಣಗಿಸ್ಕೊಂಡು ಇನ್ನೊಂದು ಬಿಡು. ಯಾರು ನೋಡ್ತಾರೆ?"

ಎಲ್ಲರೂ ತಮ್ಮ ಬೂಟು ನೋಡಿಕೊಂಡರು. ನೀನು ಮಾತ್ರ, "ನಾನು ನೋಡ್ತೀನಿ" ಅಂದೆ. ಆಮೇಲೆ ತಣ್ಣಗೆ, "ಒಂದೇ ಸಲ ಅಂತ ನೀವೇ ಬರ್ದಿದ್ದು, ಚಿಕ್ಕಪ್ಪ."

ನಾನು ಬಿಲ್ಲಿನ ಹೆದೆ ಬಿಚ್ಚಿದೆ. ಕ್ಯಾಂಪು ನಡೆದಷ್ಟು ದಿನವೂ ಬಟಾಣಿ ಸಾರು ಬೇಯಿಸಿದೆ. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಅಟ್ಟಣೆಯಿಂದ ನೀನು ಹೊಡೆದ ಗಂಡುಜಿಂಕೆಯ ಮಾಂಸ ಹಂಚಿ ಆಯಿತು, ನಿನ್ನ ಪಾಲು ಫ್ರೀಜರಿನಲ್ಲಿದೆ. ಹಳ್ಳದ ಆಚೆ ಕೂತಿದ್ದ ಓನ್ನಿಗೆ ನಿನ್ನ ಬಾಣದ ಸದ್ದೇ ಕೇಳಿಸಲಿಲ್ಲವಂತೆ, ಜಿಂಕೆ ಬಿದ್ದ ಸದ್ದು ಮಾತ್ರ ಕೇಳಿಸಿತಂತೆ. ಬಾಣ ತಾಗಿದ ಜಾಗದಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಬಿತ್ತು ಅಂದ. ಅವನು ಯಾರನ್ನೂ ಸುಮ್ಮನೆ ಹೊಗಳುವವನಲ್ಲ.

ಈಗ ವ್ಯವಹಾರದ ಮಾತು. ತಾತನ ಬಿಲ್ಲಿಗೆ ಒಂದು ಆಸರೆ ಬಿಗಿಸಿಬಿಡುತ್ತೇನೆ. ನೀನು ಹಡಗಿನಲ್ಲಿ ಸುಮ್ಮನೆ ಕೂತಿರುವಾಗ ನನ್ನ ಕಡ್ಡಿಗಳಿಗೂ ಆ ಕಿತ್ತಳೆ ಗರಿ ಕೂರಿಸಿ ಕಳಿಸು. ಕಡ್ಡಿ ಅಂಚೆಗೆ ಹಾಕುತ್ತೇನೆ. ನಿನ್ನ ಕೈ, ನನ್ನ ಕೈ, ಎರಡೂ ಒಂದೇ ಮನೆಯದು, ಯಾರಿಗೆ ತಿಳಿಯುತ್ತದೆ?

ಚಿಕ್ಕಪ್ಪ,
ಆರ್ವಿಡ್

•

ಡೆಟ್ರಾಯ್ಟ್ ನದಿ, ಅಂಚೆ ದೋಣಿಯ ಕೈಯಲ್ಲಿ,
ನವೆಂಬರ್ ೨

ಚಿಕ್ಕಪ್ಪನಿಗೆ,

ಕಡ್ಡಿ ಕಳಿಸಬೇಡಿ. ಕೂರಿಸಿ ಕೊಡುವುದಿಲ್ಲ.

ಮಳೆ ಅಂತ ಬರೆದಿದ್ದೀರಿ. ಮಳೆ ಅಲ್ಲ. ಸೋಮವಾರ ಬೆಳಿಗ್ಗೆ ಸೌದೆ ತರಲು ಹೋದಾಗ ಪೊದೆಯಲ್ಲಿ ನಿಮ್ಮ ಮೂರನೆಯ ಬಾಣ ಸಿಕ್ಕಿತು. ಅದರ ಎರಡು ಗರಿ ಕೋಳಿಯ ಎಡರೆಕ್ಕೆಯವು. ಒಂದು ಬಲರೆಕ್ಕೆಯದು. ಎರಡು ಒಂದು ಕಡೆಗೆ ಬಾಗಿವೆ, ಇನ್ನೊಂದು ಎದುರು ಬಾಗಿದೆ. ಬಾಣ ಎಡಕ್ಕೂ ಸುತ್ತಬೇಕು, ಬಲಕ್ಕೂ ಸುತ್ತಬೇಕು. ಒಣಗಿದ್ದರೂ ಅದು ಹಾಗೆಯೇ ಹೋಗುತ್ತಿತ್ತು.

ಇಂಥ ಬಾಣ ನೀವು ಮಾಡುವುದಿಲ್ಲ ಚಿಕ್ಕಪ್ಪ. ಕಂಡಿದ್ದರೆ ಮಾಡುತ್ತಿರಲಿಲ್ಲ. ಸಕ್ಕರೆ ಅಂತ ನನ್ನ ಕಾಫಿಗೆ ಉಪ್ಪು ಹಾಕಿದಿರಿ. ದಾರಿಯಲ್ಲಿ ಓನ್ನಿ ಕೈಬೀಸಿದರೆ ಅವನು ದನಿ ತೆಗೆಯುವವರೆಗೆ ನೀವು ಮಾತಾಡಿಸುವುದಿಲ್ಲ. ಕ್ಯಾಂಪಿನಲ್ಲಿ ಎಲ್ಲರೂ ನೋಡಿದ್ದಾರೆ, ಎಲ್ಲರೂ ಬೂಟು ನೋಡಿಕೊಳ್ಳುತ್ತಾರೆ. ಬಾಣದ ವಿಷಯ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಅದು ನನ್ನ ಕೋಣೆಯಲ್ಲಿದೆ.

"ನಾನು ನೋಡ್ತೀನಿ" ಅಂದದ್ದು ನಿಮ್ಮ ಮನಸ್ಸಿಗೆ ಚುಚ್ಚಿದೆ ಅಂತ ಗೊತ್ತು. ಡ್ವೇನ್ ಗೊಣಗಿದ್ದು ನೀವೂ ಕೇಳಿದ್ದೀರಿ. ನಿಮಗೆ ಇನ್ನೊಂದು ಅವಕಾಶ ಸಿಕ್ಕಿದ್ದರೆ ನನ್ನ ಮೂರು ಬಾಣವೂ ಚಿಕ್ಕಪ್ಪ ಕೊಟ್ಟ ಉಡುಗೊರೆ ಆಗುತ್ತಿತ್ತು. ಅಪ್ಪನ ಅಟ್ಟಣೆಗೆ ನಾನು ಅಂಥ ಏಣಿಯಿಂದ ಹತ್ತುವುದಿಲ್ಲ. ಈಗ ನಾನು ನಿಮ್ಮ ಬಾಣ ಮಾಡಿಕೊಟ್ಟರೂ ಅದೇ ಲೆಕ್ಕ. ಮತ್ತೆ ಕಣ್ಣು ಕಾಣದವರು ಬಿಟ್ಟ ಬಾಣ ಎಲ್ಲಿ ಹೋಗಿ ಚುಚ್ಚುತ್ತದೆ ಅಂತ ಜೂನ್‌ನಲ್ಲೇ ನೀವು ಬರೆದಿದ್ದೀರಿ.

ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಜನವರಿಯಲ್ಲಿ ಸರೋವರ ಮಂಜುಗಟ್ಟಿದ ಮೇಲೆ ಹಡಗು ನಿಲ್ಲಿಸುತ್ತಾರೆ, ಬರುತ್ತೇನೆ. ಪಕ್ಕದಲ್ಲಿ ಕೂರುತ್ತೇನೆ. ಕೈ ಹಚ್ಚುವುದಿಲ್ಲ.

ಸೈಮಿ

•

ಹೆಮ್ಲಾಕ್ ಕ್ರೀಕ್,
ಡಿಸೆಂಬರ್ ೧೪

ಸೈಮಿ,

ನಿನ್ನ ಕಾಗದ ಬಂದ ಮೇಲೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯುವವರೆಗೂ ಸಿಟ್ಟಿನಲ್ಲಿದ್ದೆ. ಸಿಟ್ಟು ಖರ್ಚಿನ ಬಾಬ್ತು, ಆದಾಯ ಏನೂ ಇಲ್ಲ. ಆ ಖಾತೆ ಮುಚ್ಚಿದೆ.

ಮಾರ್ಕೆಟ್ ಊರಿನ ಕಣ್ಣಾಸ್ಪತ್ರೆಗೆ ಹೋಗಿದ್ದೆ. ಡಾಕ್ಟರಮ್ಮ ಚಿಕ್ಕವಳು. ದೀಪ ಹಿಡಿದು ನೋಡಿ, "ಎಷ್ಟು ದಿನದಿಂದ ಹೀಗಿದೆ?" ಅಂದಳು. "ಹೀಗೆ ಅಂದ್ರೆ?" ಅಂದೆ. "ಇಲ್ಲಿಗೆ ಹೇಗೆ ಬಂದ್ರಿ?" "ಗಾಡಿ ಓಡಿಸ್ಕೊಂಡು." ಅವಳು ಪೆನ್ನು ಕೆಳಗಿಟ್ಟು ಗಾಡಿಯ ಕೀಲಿಗೆ ಕೈ ಚಾಚಿದಳು. ವಾಪಸ್ ಓನ್ನಿಯೇ ಮನೆಗೆ ಕರೆದುಕೊಂಡು ಬಂದ. ಬಲಗಣ್ಣಿನ ಪೊರೆ ತೆಗೆದಾಗಿದೆ. ಎಡಗಣ್ಣಿಗೆ ಹೊಸ ವರ್ಷ ಕಳೆದ ಮೇಲೆ ದಿನ ಕೊಟ್ಟಿದ್ದಾರೆ.

ಪಟ್ಟಿ ಬಿಚ್ಚಿದ ಮಾರನೆಯ ದಿನ ಬತ್ತಳಿಕೆ ಬಗ್ಗಿಸಿ ಎಲ್ಲ ಬಾಣಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತೆ. ಒಂದೊಂದೇ ತಿರುಗಿಸಿ ನೋಡಿದೆ. ನೋಡಿದ್ದನ್ನು ಬರೆಯುವುದಿಲ್ಲ. ಸಂಜೆಯೊಳಗೆ ಎಲ್ಲದರ ಗರಿಯನ್ನೂ ಚಾಕುವಿನಿಂದ ಹೆರೆದು ಒಲೆಗೆ ಹಾಕಿದೆ. ಸುಟ್ಟ ಗರಿಯ ವಾಸನೆಗೆ ಅಕ್ಕಪಕ್ಕದವರು ಬಂದು ಕೇಳಿದರು. ಹೊಸ ಅಡುಗೆ ಕಲಿಯುತ್ತಿದ್ದೇನೆ ಅಂದೆ. ನಂಬಿದರು, ನನ್ನ ಸಾರಿನ ಹೆಸರು ಅಷ್ಟು ದೂರ ಹೋಗಿದೆ.

ಶನಿವಾರ ಸೌನಾದ ಹಬೆಕೋಣೆಯಲ್ಲಿ ಕ್ಯಾಂಪಿನವರೆಲ್ಲ ಸೇರಿದ್ದರು. ಅಟ್ಟಣೆ ನಿನ್ನ ಹೆಸರಿಗೆ ಬರೆದಾಯಿತು. ಆಮೇಲೆ ಇನ್ನೊಂದು ಮಾತು ಎತ್ತಿದೆ: ಮುಂದಿನ ವರ್ಷದಿಂದ ಸೆಪ್ಟೆಂಬರಿನ ತೀರ್ಪು ನನ್ನದಲ್ಲ, ಸೈಮಿಯದು.

"ಬೇಡಪ್ಪ, ಅವ್ಳಿಗೆ ದಯೆ ದಾಕ್ಷಿಣ್ಯ ಒಂದೂ ಇಲ್ಲ" ಅಂದ ಓನ್ನಿ.

"ಅದಕ್ಕೇ" ಅಂದೆ.

ಮೊದಲು ಕೈ ಎತ್ತಿದವನು ಡ್ವೇನ್. ಸೊಂಟದ ಟವೆಲ್ಲು ಜಾರುವಷ್ಟು ಎತ್ತರಕ್ಕೆ ಎತ್ತಿದ.

ಜನವರಿಯಲ್ಲಿ ಬಾ. ಅಂಟು ಕೊಂಡಿದ್ದೇನೆ, ಕೈಗವಸೂ ಕೊಂಡಿದ್ದೇನೆ. ಕಡ್ಡಿಗಳನ್ನು ಒರೆಸಿ ಸಾಲಾಗಿ ನಿಲ್ಲಿಸಿದ್ದೇನೆ. ಗರಿ ಮಾತ್ರ ಇನ್ನೂ ಆರಿಸಿಲ್ಲ, ಅಂಗಡಿಯ ಎರಡೂ ಪೊಟ್ಟಣ ಮೇಜಿನ ಮೇಲಿವೆ. ಕೋಳಿಯದೋ ಪ್ಲಾಸ್ಟಿಕ್ಕಿನದೋ, ನೀನು ಬಾಯಿ ಬಿಡಕೂಡದು. ಅಲ್ಲಿ ಕೂತು ಕಾಫಿ ಕುಡಿಯುತ್ತಿರು. ಆರಿಸುವವನು ನಾನು.

ನಿನ್ನ ಚಿಕ್ಕಪ್ಪ,
ಆರ್ವಿಡ್